ಎತ್ವ

ನೀನು ಹುಟ್ಟುವಾಗ ನಾನು ಕಂಬದ ಮೇಲಿದ್ದೆ.
ರಿಪ್ಪನ್‌ಪೇಟೆಯ ಆಚೆ ಬಿದಿರು ವಾಲಿ
ತಂತಿ ಹರಿದಿತ್ತು; ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು
ನಾಲ್ಕು ಊರಿನ ದೀಪ ನಾನೇ ಆರಿಸಿದ್ದೆ.
ಕತ್ತಲೆ ಮಾಡುವುದೂ ನಮ್ಮ ಕೆಲಸವೇ, ಮಗಳೇ,
ಅದಕ್ಕೆ ಮಾತ್ರ ಬೈಗುಳವೇ ಸಂಬಳ.

ಪುಷ್ಯದ ಚಳಿ. ಕೈಗವಸಿನೊಳಗೆ ಬೆರಳು ಮರಗಟ್ಟಿ
ಒಂದು ಬೀಡಿ ಸೇದುವಷ್ಟು ಹೊತ್ತು
ಬೆಲ್ಟಿಗೆ ಒರಗಿ ಸುಮ್ಮನಿದ್ದೆ.
ಕೆಳಗಿನದು ಸತ್ತ ಮೇಲೆ ಮೇಲಿನದು
ಒಂದೊಂದಾಗಿ ಅಲ್ಲ, ಒಟ್ಟಿಗೇ ಬಂತು,
ಯಾರೋ ಅಕ್ಕಿ ಚೀಲದ ಹೊಲಿಗೆ ಬಿಚ್ಚಿದ ಹಾಗೆ.
ಮೂಡಲಿಗೆ ಉಗುರು ಕತ್ತರಿಸಿ ಎಸೆದಂಥ ಚಂದ್ರ,
ಅದರ ಪಕ್ಕ, ಇಷ್ಟು ದಪ್ಪ, ಬೆಳ್ಳಿ.
ಆಗ ನಡುಗಿತು ಎದೆ ಜೇಬಿನ ಫೋನು.
ಶಿವಮೊಗ್ಗದಿಂದ ಲೋಹಿತ: "ಭಾವ, ಹೆಣ್ಣು.
ಕೂಗಿದ್ದು ಇಡೀ ವಾರ್ಡಿಗೆ ಕೇಳಿಸ್ತು."

ಅಲ್ಲಿಂದ ಶುರು ಹೆಸರಿನ ಗಲಾಟೆ.
ಆಸ್ಪತ್ರೆಯ ಮಂಚಕ್ಕೆ ಒರಗಿ ಲೋಹಿತ ಫೋನು ಉಜ್ಜಿದ:
ಆಕಾಶಕ್ಕೆ ಸಂಬಂಧಪಟ್ಟ ಮುನ್ನೂರ ಹನ್ನೆರಡು ಹೆಸರು,
ಅರ್ಥ ಸಮೇತ.
ನಿಹಾರಿಕಾ, ಸಿತಾರಾ, ಜ್ಯೋತ್ಸ್ನಾ,
ನೋವಾ ಅಂತಲೂ ಒಂದು.
"ನೋವಾ?" ಅಂದಳು ನಿನ್ನಮ್ಮ, ಹೊಲಿಗೆ ಹಿಡಿದುಕೊಂಡು,
"ಅದು ಈಗ ತಾನೇ ಮುಗೀತಲ್ಲ."
ಅಜ್ಜಿ ಜ್ಯೋತ್ಸ್ನಾಕ್ಕೆ ಮೂರು ಸಲ ಬಾಯಿ ತೆರೆದಳು:
ಜೋಸ್ನ, ಜೋತ್ನ,
ಕೊನೆಗೆ ಎಲೆಯಡಿಕೆ ಹಾಕಿಕೊಂಡಳು.

ಪೇಟೆಯ ಜೋಯಿಸರು ಪಂಚಾಂಗ ತಿರುವಿ
ಕನ್ನಡಕದ ಮೇಲಿಂದ ನೋಡಿದರು: "ಮೂಲಾ ನಕ್ಷತ್ರ."
ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು.
ಇಪ್ಪತ್ತೈದು ವರ್ಷದ ಮೇಲೆ ಬರಬೇಕಾದ
ಯಾವನೋ ಗೊತ್ತಿಲ್ಲದ ಮಾವನ ಆಯುಷ್ಯಕ್ಕೆ
ಎರಡೂವರೆ ಕಿಲೋದ ನೀನು ಆಗಲೇ ಗಂಡಾಂತರ!
"ಎಲ್ಲೂ ಬಾಯಿ ಬಿಡಬೇಡಿ. ಅನುರಾಧ ಅಂತ ಕರೆದುಬಿಡಿ,
ನಕ್ಷತ್ರವೂ ಅದೇ ಅಂದುಕೊಳ್ಳಲಿ ಜನ."
ನಾನು ಕಂಬ ಹತ್ತುವವನು. ಗೊತ್ತಿರುವುದು ಇಷ್ಟು:
ಅಪಾಯ ಇರುವುದು ತಂತಿಯಲ್ಲಿ.
ಚುಕ್ಕಿಯಿಂದ ಶಾಕ್ ಹೊಡೆದವರನ್ನು
ನಾನಂತೂ ಇಳಿಸಿಲ್ಲ.

ನನ್ನಪ್ಪನ ತಾಯಿಯ ಹೆಸರು ಬೆಳ್ಳಿ.
ಬೆಳ್ಳಿ ಮೂಡುವಾಗ ಹುಟ್ಟಿದವಳು ಬೆಳ್ಳಿ, ಅಷ್ಟೇ ಲೆಕ್ಕ;
ಪಂಚಾಂಗ ಕೇಳಲು ಹೋದರೆ ಅಂಗಳದಲ್ಲೇ ನಿಲ್ಲಬೇಕಿದ್ದ ಕಾಲ.
ಗುಲಗಂಜಿ ತೂಕದ ಬೆಳ್ಳಿಯೂ ಮೈಮೇಲೆ ಇರಲಿಲ್ಲವಂತೆ.
ವೋಟರ್ ಲಿಸ್ಟಿನಲ್ಲಿ ಯಾರೋ ಎತ್ವ ಮರೆತು
ಬಳ್ಳಿ ಅಂತ ಬರೆದರು.
ಗೇಣಿಯ ಕಾಗದದಲ್ಲಿ ಬೆಳ್ಳಿ.
ಎರಡೂ ತಾನೇ ಎಂದು ಹೇಳಲು
ಹೊಸನಗರದ ಕಚೇರಿಗೆ ಹನ್ನೊಂದು ಸಲ ನಡೆದಳು,
ಪ್ರತಿ ಸಲ ಬೆಳ್ಳಿ ಕಂಡ ಮೇಲೇ ಹೊಸಿಲು ದಾಟಿ.
ಸತ್ತ ಮೇಲೆ ಬಂದ ಕಾಗದದಲ್ಲೂ
ಬಳ್ಳಿಯೇ.

ನಿನ್ನಮ್ಮನಿಗೆ ಇದನ್ನು ಹೇಳಿದಾಗ ರಾತ್ರಿ ಎರಡು;
ನೀನು ಹಾಲು ಕಕ್ಕಿ ನಿದ್ದೆಗೆ ಜಾರಿದ್ದೆ.
"ಶಾಲೇಲಿ ಹುಡುಗರು, ಬಂಗಾರ ಎಲ್ಲೇ ಅಂತ ಆಡಿಕೊಂಡರೆ?"
"ಮೂಡಲಿಗೆ ಕೈ ತೋರಿಸಲಿ."
"ಮೋಡ ಇದ್ದರೆ?"
ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಈಗಲೂ ಇಲ್ಲ.
ನಮ್ಮ ಕಡೆ ಅರ್ಧ ವರ್ಷ ಮೋಡವೇ.
"ಒಂದು ಸಲ ಕರೆದು ನೋಡಿ" ಅಂದಳು.
ಕರೆದೆ.
ನೀನು ತಿರುಗಲಿಲ್ಲ. ಮೂಗು ಮಾತ್ರ ಸುಕ್ಕಾಯಿತು.

ಇವತ್ತು ಪಾಲಿಕೆಯ ಕಿಟಕಿಯಲ್ಲಿ
ಕೀಬೋರ್ಡಿನ ಮೇಲೆ ಬೆರಳಿಟ್ಟ ಮೇಡಂ
"ಪೂರ್ತಿ ಹೆಸರು ಹೇಳಿ" ಅಂದರು.
"ಅದೇ ಪೂರ್ತಿ."
"ಬೆಳ್ಳಿ ಅಂದರೆ, ಕಾಲ್ಗೆಜ್ಜೆದಾ?"
"ಅಲ್ಲ, ಬೆಳಗಿನದು."
ಅವರು ಗಡಿಯಾರ ನೋಡಿದರು. ನನ್ನ ಹಿಂದೆ ಹದಿನೇಳು ಜನ.
ಪರದೆಯ ಮೇಲೆ ಮೊದಲು ಬಂದದ್ದು
ಬರೀ ಒಂದು ಬ.
ಗಾಜಿಗೆ ಹಣೆ ಒತ್ತಿ ನಿಂತೆ,
ಕಂಬದ ಮೇಲೂ ಹಾಗೆ ಉಸಿರು ಹಿಡಿದವನಲ್ಲ.
"ಎತ್ವ, ಮೇಡಂ" ಅಂದೆ,
"ತಲೆಯ ಮೇಲೆ ಎತ್ವ ಕೊಡಿ."