ಬೇಲಿ ನೀರಿಗಿಳಿಯುವಲ್ಲಿ

ಗುಡ್ಡ ಇಳಿದು, ಲೋಳೆಸರದ ಕೆಂಪು ಹೂಗಳ ಮಗ್ಗುಲಲ್ಲಿ ಬಂದು,
ಮಳಲಲ್ಲಿ ಹದಿನಾರು ಕಂಬ ನಡೆದು,
ಹದಿನೇಳನೆಯದನ್ನು ಮೊಣಕಾಲುದ್ದ ನೀರಲ್ಲಿ ನಿಲ್ಲಿಸಿ
ಇಲ್ಲಿಗೆ ಸಾಕು ಎಂದಿದೆ ಸರ್ಕಾರದ ಬೇಲಿ.
ತಂತಿಗೆ ತುಕ್ಕು, ತುಕ್ಕಿಗೆ ಪಾಚಿ.
ಆಚೆ ಕಾದಿಟ್ಟ ಕಾಡು. ಈಚೆ ನಮ್ಮ ದನ.

ದನಗಳಿಲ್ಲಿ ಮಳಲ ಮೇಲೇ ಮಲಗುತ್ತವೆ;
ಉಪ್ಪುಗಾಳಿಗೆ ಉಣ್ಣೆ ಕಚ್ಚುವುದಿಲ್ಲವಂತೆ.
ಅವುಗಳ ಬಿಸಿಯುಸಿರಿನ ನಡುವೆ ಕೂತು
ಉಮ್ತಾತಾದಿಂದ ತಂದ ಮೋಂಬತ್ತಿಯ ಮೋಟನ್ನು
ಹಲಗೆಗೆ ತಿಕ್ಕುತ್ತೇನೆ.
ಯಾರೋ ಬಿಳಿಯ ಹುಡುಗ ಮೂತಿ ಮುರಿದು ಬಿಟ್ಟುಹೋದದ್ದು.
ದೋಣಿಯ ಅಂಟು ಬಳಿದು ಮಾಮ ಕೂಡಿಸಿಕೊಟ್ಟ.
ಹೊಸ ಮೂತಿ ಹಂದಿಯದರ ಹಾಗಿದೆ.
ಇರಲಿ, ಅಲೆ ಯಾರಿಗೂ ಮುಖ ನೋಡಿ ಮಣೆ ಹಾಕುವುದಿಲ್ಲ.

ಈ ದಂಡೆಗೆ ಬಸ್ಸಿಲ್ಲ. ನದಿ ದಾಟಬೇಕಾದರೆ
ದೋಣಿಯವ ಮನಸ್ಸು ಮಾಡಬೇಕು.
ಹಾಗಾಗಿ ಸರದಿಯಿಲ್ಲ, ತಳ್ಳಾಟವಿಲ್ಲ,
ಇಡೀ ಹಿಂದೂ ಮಹಾಸಾಗರಕ್ಕೆ
ನಾನೊಬ್ಬಳು.

ಒಬ್ಬಳೇ ಅಲ್ಲ. ಬಂಡೆಯ ಮೇಲೆ ಕಾವಲಿನ ಮ್ಜೊಲಿಸಿ,
ಖಾಕಿ ಟೊಪ್ಪಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು.
‘ಲಿತಾಕಾಜಿ! ಆ ಕಡೆ ನಿನ್ನ ಕಾಲು ನೆಲಕ್ಕೆ ತಾಗಲಿ,
ಬರೆದುಕೊಳ್ಳುತ್ತೇನೆ!’
ತಾಗುವುದಿಲ್ಲ. ಹದಿನೇಳನೆಯ ಕಂಬದಾಚೆ
ಹೊಟ್ಟೆಯ ಮೇಲೆ ಮಲಗಿ ಈಜುವವಳ ಹೆಸರನ್ನು
ಯಾವ ಕಾಲಂನಲ್ಲಿ ಬರೆಯುವುದೆಂದು
ಎರಡು ವರ್ಷದಿಂದ ಅವನಿಗೆ ತೋಚಿಲ್ಲ.

ದಡದಿಂದ ನೋಡಿದರೆ ಮಳಲದಿಬ್ಬ ಅಡ್ಡ.
ಗುಡ್ಡದಿಂದ ನೋಡಿದರೆ ಕಾಡು ಅಡ್ಡ.
ಇಲ್ಲಿ, ತೆರೆ ಹಿಂದಿನಿಂದ ಬಂದು ಬೆನ್ನಿಗೆ ಕೈಕೊಟ್ಟು
ಎತ್ತಿ, ಇನ್ನೂ ಎತ್ತಿ,
ಇನ್ನೇನು ಕೆಳಗೆ ಸುರಿಯಬೇಕು ಅನ್ನುವ ತುದಿಯಲ್ಲಿ
ಕಾಣುತ್ತದೆ: ಕಾಡಿನ ಹಿಂದಣ ಇಳಿಜಾರು,
ಹುಲ್ಲಿನಲ್ಲಿ ಏಳು ಬಳೆ,
ಬೇರೆಯದೇ ಹಸಿರು.
ಮಾಖುಲುಗೆ ಎಂಟು ವರ್ಷವಾಗಿದ್ದಾಗ ಲಾರಿ ಬಂದದ್ದು ಅಲ್ಲಿಗೆ.
ನಾಲ್ಕನೆಯ ಬಳೆ ಅವಳ ಅವ್ವನ ಗುಡಿಸಲು.

ಒಂದು ಉಸಿರಿನಷ್ಟೇ ಹೊತ್ತು.
ಆ ಉಸಿರಿನಲ್ಲೇ ಕಾಲು ಊರಬೇಕು, ಮೊಣಕಾಲು ಮಡಿಯಬೇಕು,
ಕಣ್ಣು ಅಲೆಯ ಹೆಗಲ ಮೇಲಿರಬೇಕು.
ಗುಡ್ಡ ನೋಡಿದವಳು ಬಿದ್ದಳು.
ನಾನು ನೋಡುತ್ತೇನೆ. ಬೀಳುತ್ತೇನೆ.
ಮೂಗಲ್ಲಿ ಉಪ್ಪು, ಕಿವಿಯಲ್ಲಿ ಗುಡುಗು,
ಯಾವುದು ಮೇಲೆ ಯಾವುದು ಕೆಳಗೆ ತಿಳಿಯದ ಒಗೆತ,
ಕಾಲಿಗೆ ಕಟ್ಟಿದ ಹಗ್ಗ ಜಗ್ಗಿ
ಹಂದಿಮೂತಿ ನನ್ನನ್ನು ಬೆಳಕಿಗೆ ಎಳೆಯುತ್ತದೆ.

ಮ್ಜೊಲಿಸಿ ಚಪ್ಪಾಳೆ ತಟ್ಟುತ್ತಾನೆ. ತಟ್ಟಲಿ.

ರಾತ್ರಿ ಮಾಖುಲು ಜೋಳ ಬಿಡಿಸುತ್ತ ಕೇಳುತ್ತಾಳೆ,
ಎಷ್ಟು ಸಲ ನಿಂತೆ ಎಂದಲ್ಲ,
ಎಷ್ಟು ಸಲ ಬಿದ್ದೆ ಎಂದು.
ಮೊನ್ನೆ ನೀರಿನ ದಾರಿ ಕೇಳಿದಳು: ಅಳಿಸಿದೆ ಅಂದೆ.
ನಿನ್ನೆ ಅತ್ತಿಮರ ಕೇಳಿದಳು: ಎರಡು ಸಲ ಬಿದ್ದು
ಇದೆ ಅಂದೆ, ಒಂದೇ ಕೊಂಬೆ.

‘ಇವತ್ತು?’
ಇವತ್ತು ನಾಲ್ಕನೆಯ ಬಳೆಯಲ್ಲಿ
ಒಂದು ಈಲಂಡ್ ಮಲಗಿತ್ತು, ಬಸುರಿ ಇರಬೇಕು,
ಕಾಲು ಮಡಚಿ, ಮನೆಯೊಳಗೆ ಕೂತವರ ಹಾಗೆ.

ಕಾಳು ಬಿಡಿಸುವ ಹೆಬ್ಬೆರಳು ನಿಂತಿತು.
ಅಳುತ್ತಾಳೇನೋ ಅಂದುಕೊಂಡೆ.
‘ಯಾವ ಕಡೆ ಮುಖ ಮಾಡಿತ್ತು?’

ಸಮುದ್ರದ ಕಡೆ, ಅಂದೆ. ನಾನಿದ್ದ ಕಡೆ.

‘ಸರಿಯೇ,’ ಅಂದಳು, ‘ಬಾಗಿಲು ಅತ್ತಲೇ ಇತ್ತು,’
ಮುಂದಿನ ತೆನೆಗೆ ಕೈಹಾಕಿ,
‘ತಲೆ ಒರೆಸಿಕೋ, ನೀರು ಜೋಳಕ್ಕೆ ತೊಟ್ಟಿಕ್ಕುತ್ತಿದೆ.’