ನಾಲ್ಕು ಬೆರಳು

ಹಾಸನದ ಕಚೇರಿಯಲ್ಲಿ, ಎರಡನೇ ಮಹಡಿಯ ಫ್ಯಾನಿನಡಿ
ಕಲ್ಲುಕೋಡಿ ಕೆರೆ ನನಗೆ ಮೊದಲು ಕಂಡದ್ದು
ಅಂಗೈಯಗಲದ ನೀಲಿ ಚೂರಾಗಿ.
ಅದರ ಮೇಲಕ್ಕೆ, ಮೂಡಲಿಗೂ ಬಡಗಲಿಗೂ ಹರಡಿದ
ಏಳುನೂರು ಎಕರೆ ಇಳಿಜಾರು:
ಆಲೂಗಡ್ಡೆ, ಮುಸುಕಿನ ಜೋಳ, ಶುಂಠಿ, ಮತ್ತೆ ಆಲೂಗಡ್ಡೆ.
ಎಲ್ಲಿ ಮಣ್ಣು ಸಡಿಲ, ಎಲ್ಲಿ ಗೊಬ್ಬರ ಜಾಸ್ತಿ,
ಯಾವ ಹನಿ ಬಿದ್ದಲ್ಲಿಂದ ಎತ್ತ ನಡೆಯುತ್ತದೆ,
ಕಂಪ್ಯೂಟರು ರಾತ್ರಿಯಿಡೀ ಗುಣಿಸಿ
ಬೆಳಿಗ್ಗೆ ಕೆಂಪು ಬಳಿದು ಕೊಟ್ಟಿತು
ಸರ್ವೆ ನಂಬರ್ ನಲವತ್ತೊಂದಕ್ಕೆ.

ನಲವತ್ತೊಂದು ಲಕ್ಕಮ್ಮನದು. ಮೂವತ್ತು ಗುಂಟೆ.
"ನಾ ಹಾಕಿರಾದು ಒಂದೂವರೆ ಮೂಟೆ ಕಣ್ ತಾಯಿ,
ಅದೂ ತಂಗಿ ಮನೇಲಿ ಮಿಕ್ಕಿದ್ದು."
ಟ್ಯಾಬ್ ತಿರುಗಿಸಿ ತೋರಿಸಿದೆ.
ಕೆಂಪನ್ನು ಅವಳು ಬೆರಳಿಂದ ಒರೆಸಿ ನೋಡಿದಳು,
ಗಾಜಿಗಂಟಿದ ಕಲೆಯೇನೋ ಎಂಬಂತೆ.
ನಕ್ಷೆ ಪಕ್ಕಕ್ಕೆ ಸರಿಯಿತು.
ಕೆಂಪು ಅವಳ ಬೆರಳ ಹಿಂದೆಯೇ ಬಂತು.

ಏರಿಯ ಮೇಲೆ ಕೂತಿದ್ದ ಸೌಡಿ ಮರಿಕಾಳ.
ಅವನು ತೂಬು ಬಿಟ್ಟು ಹತ್ತು ವರ್ಷ,
ತೂಬು ಅವನನ್ನು ಬಿಟ್ಟಿಲ್ಲ.
"ಏನವ್ವ, ನಿನ್ ಪಟದಾಗೆ ನೀರು
ರಸ್ತೆ ಮುಟ್ಟಿ ಎಡಕ್ಕೆ ತಿರುಗ್ತದಾ?"
ತಿರುಗುತ್ತದೆ, ಅಂದೆ.
"ತಿರುಗಾಕಿಲ್ಲ. ಅಡೀಲಿ ಮೋರಿ ಐತೆ.
ನಮ್ಮಪ್ಪ ಕಟ್ಟೋವಾಗ ಕಲ್ಲು ಹೊತ್ತೋನು ನಾನು."

ಆಕಾಶದಿಂದ ನೋಡುವ ಕಣ್ಣಿಗೆ ರಸ್ತೆ ಬರೀ ದಿಬ್ಬ.
ದಿಬ್ಬದ ಹೊಟ್ಟೆಯಲ್ಲಿ ತೂತಿದೆಯೆಂದು
ಅಷ್ಟೆತ್ತರಕ್ಕೆ ಯಾರು ಕೂಗಿ ಹೇಳಬೇಕು?
ಲಂಟಾನ ಸರಿಸಿ, ಮೊಣಕಾಲೂರಿ ಇಣುಕಿದೆ.
ಒಳಗೆ ತಂಪು, ಒಂದು ಏಡಿ, ಹರಿದ ಯೂರಿಯಾ ಚೀಲ,
ಆಚೆ ತುದಿಯಲ್ಲಿ ರೊಟ್ಟಿಯಷ್ಟು ಬೆಳಕು.

ಅಂದು ರಾತ್ರಿ ನಕ್ಷೆಯ ರಸ್ತೆಗೆ
ಒಂದೇ ಚೌಕದಗಲದ ಕಿಂಡಿ ಕೊರೆದೆ.
ಹನಿಗಳನ್ನೆಲ್ಲ ಮತ್ತೆ ಮೇಲಿಂದ ಬಿಟ್ಟೆ.
ಊರವರೆಲ್ಲರ ನೀರನ್ನು ಲಕ್ಕಮ್ಮನ ಮೇಲೆ
ಹರಿಸಿದ್ದು ನನ್ನ ಲೆಕ್ಕ, ಮಳೆಯಲ್ಲ.
ಅವಳ ಮೂವತ್ತು ಗುಂಟೆ ಹಳದಿಗಿಳಿದು, ಹಸಿರಿಗಿಳಿದು,
ಕೆಂಪು ರಸ್ತೆ ದಾಟಿ ಮೇಲೇರಿ
ಪಾಪೇಗೌಡರ ಶುಂಠಿ ಪಟ್ಟೆಯಲ್ಲಿ ಕೂತಿತು.
ಪಾಪೇಗೌಡರು ಕೆರೆ ಸಮಿತಿಯ ಅಧ್ಯಕ್ಷರು.
ಹಿಂದಿನ ವಾರವಷ್ಟೇ ಅವರ ಮನೆಯಲ್ಲಿ
ಅಕ್ಕಿರೊಟ್ಟಿ ತಿಂದಿದ್ದೆ. ಬೇಡವೆಂದರೂ ಇನ್ನೊಂದು ಬಡಿಸಿದ್ದರು.

ಶಾಲೆಯ ಗೋಡೆಗೆ ನಕ್ಷೆ ಚಾಚಿ ಹಿಡಿದಾಗ
ಗೌಡರು ಕನ್ನಡಕ ಹಾಕಿ, ತೆಗೆದು, ಒರೆಸಿ, ಹಾಕಿದರು.
"ಎಷ್ಟು ಬಿಡಬೇಕು?"
ಕೆಳಬದುವಿನುದ್ದಕ್ಕೂ ಹನ್ನೆರಡು ಅಡಿ, ಲಾವಂಚ ನೆಡೋಕೆ.
ಗೊಬ್ಬರ, ಮಣ್ಣಿನ ಪರೀಕ್ಷೆ ಹೇಳಿದಷ್ಟೇ;
ಮೋಡ ಕಟ್ಟಿದ ದಿನ ಚೆಲ್ಲೋದು ಬೇಡ.
"ಹನ್ನೆರಡು ಆಗಲ್ಲ. ಎಂಟು."
ಹಿಂದಿನ ಬೆಂಚಿನಿಂದ ಮರಿಕಾಳ:
"ಎಂಟಡಿ ನಮ್ಮೆಮ್ಮೆ ಮಲಗಾಕೆ ಆಯ್ತದೆ, ಗೌಡ್ರೆ,
ನೀರು ನಿಲ್ಲಾಕೆ ಆಗಾಕಿಲ್ಲ."
ಎಲ್ಲರೂ ನಕ್ಕರು. ಗೌಡರು ನಗಲಿಲ್ಲ.
ಹತ್ತಕ್ಕೆ ನಿಂತಿತು.

ಲಾವಂಚ ಬೇರು ಹಿಡಿಯಲು ಎರಡು ಮಳೆಗಾಲ.
ಮೊದಲ ವರ್ಷದ ಅರ್ಧ ಕುರಿಗಳ ಪಾಲು.
ಕೆರೆ ಹಸಿರಾಗಿಯೇ ಇತ್ತು, ಬಚ್ಚಲ ಪಾಚಿಯ ಹಸಿರು;
ಹೂಳಲ್ಲಿ ಕೂತ ಇಪ್ಪತ್ತು ವರ್ಷದ ಗೊಬ್ಬರ
ಹಳೇ ಜಗಳದ ಹಾಗೆ ಬಿಸಿಲಿಗೊಮ್ಮೆ ಮೇಲೇಳುತ್ತಿತ್ತು.
ವರದಿಯಲ್ಲಿ "ನಿರೀಕ್ಷಿತ" ಎಂದು ಬರೆದೆ,
ಬೇರೆ ಪದ ಸಿಗದೆ.

ಬಿಳಿ ಎನಾಮಲ್ ತಟ್ಟೆಗೆ ತೂತು ಕೊರೆದು ಹಗ್ಗ ಕಟ್ಟಿ
ಸೋಮವಾರ ಸೋಮವಾರ ತೆಪ್ಪದಿಂದ ಇಳಿಸುವವಳು
ಈಗ ಲಕ್ಕಮ್ಮ. ತಟ್ಟೆಯೂ ಅವಳದೇ.
ತಟ್ಟೆ ಕಣ್ಮರೆಯಾದಲ್ಲಿ ಹಗ್ಗಕ್ಕೆ ಗಂಟು.
ಮೊದಲ ಗಂಟು ಎರಡು ಗೇಣಿಗೆ.
ಮೊನ್ನೆ ಏರಿಯ ಮೇಲಿಂದ ಫೋನು,
ಅರ್ಧ ಮಾತು ಗಾಳಿಯ ಪಾಲು:
"ಎರಡು ಗೇಣು... ಮ್ಯಾಲೆ ನಾಲ್ಕು ಬೆರಳು ಕಣವ್ವ.
ನನ್ ಬೆರಳು. ನಿನ್ನವು ಸಣ್ಣವು, ಐದಾಯ್ತವೆ."

ನಾಲ್ಕೆಂದೇ ಬರೆದುಕೊಂಡೆ.