ಉಸಿರು ತೆಗೆದುಕೊಂಡ ಜಾಗ

ಕಿಸುಮು ಹೈಕೋರ್ಟಿನಲ್ಲಿ ಹತ್ತೊಂಬತ್ತು ವರ್ಷದಿಂದ
ನಾನು ದುಭಾಷಿ.
ಇಂಗ್ಲಿಷಿನಲ್ಲಿ ಬಿದ್ದದ್ದನ್ನು ಲುವೋ ಮಾತಿನಲ್ಲಿ ಎತ್ತಿಕೊಡುವುದು ಕೆಲಸ.
ನನ್ನದು ಅಂತ ಒಂದು ಮಾತೂ ಸೇರಬಾರದು,
ಅವರದು ಅಂತ ಒಂದು ಮಾತೂ ಸೋರಬಾರದು.
ಜೀತ ಅನ್ನಿ ಬೇಕಾದರೆ. ಸಂಬಳ ಮಾತ್ರ ಐದನೇ ತಾರೀಖಿಗೆ ಸರಿಯಾಗಿ.

ಅವತ್ತು ಬುಧವಾರ. ಫ್ಯಾನು ಕೆಟ್ಟಿತ್ತು.
ಸರೋವರದ ದಡದಲ್ಲಿ ಮೀನು ಒಣಗಿಸುವ ಹೆಂಗಸರು,
ನಲವತ್ತೋ ನಲವತ್ತೆರಡೋ,
ಬೆಂಚು ಸಾಲದೆ ಗೋಡೆಗೆ ಒರಗಿ ನಿಂತಿದ್ದರು.
ಒಮೆನಾ ಮೀನಿನ ವಾಸನೆ ಅವರಿಗಿಂತ ಮೊದಲೇ ಬಂದು
ಮುಂದಿನ ಸಾಲಿನಲ್ಲಿ ಕೂತಿತ್ತು.
ಕೌಂಟಿ ಸರ್ಕಾರದ ವಕೀಲರು ಕರವಸ್ತ್ರ ತೆಗೆದರು.
ರಿಸ್ಪರ್ ಅಬೊನ್ಯೊ ಅದು ಜೇಬಿನಿಂದ ಮೂಗಿಗೆ ಹೋಗುವವರೆಗೂ
ಕಣ್ಣು ಮಿಟುಕಿಸದೆ ನೋಡಿದಳು.
ಬುಲ್ಡೋಜರು ಬಂದ ರಾತ್ರಿಯನ್ನೂ ಹಾಗೇ ನೋಡಿದ್ದಳಂತೆ.

ಜಸ್ಟಿಸ್ ಚೆಬೆತ್ ಓದಿದರು. ಎಂಬತ್ತಾರು ಪುಟ.
ನಾಲ್ಕು ದೇಶದ ಹಳೆಯ ತೀರ್ಪುಗಳು ಬಂದು ಸಾಕ್ಷಿ ಹೇಳಿ ಹೋದವು.
ಮಗುವೊಂದು ಅತ್ತು, ಹಾಲು ಕುಡಿದು, ಮಲಗಿ, ಎದ್ದು ಮತ್ತೆ ಅತ್ತಿತು.
ಕೊನೆಗೆ ಆ ವಾಕ್ಯ,
ಮಾರುದ್ದದ್ದು. ನಾನು ಎತ್ತಿಕೊಂಡೆ:
"ನೋಟಿಸಿಲ್ಲದೆ ಅಟ್ಟಣಿಗೆ ಕೆಡವಿದ್ದು ಕಾನೂನುಬಾಹಿರ;
ಆ ದಡದಲ್ಲಿ ದುಡಿದು ತಿನ್ನುವ ಹಕ್ಕು ಈ ಹೆಂಗಸರಿಗಿದೆ,"

ಇಲ್ಲಿ ಉಸಿರು ತೆಗೆದುಕೊಂಡೆ.
ಅಷ್ಟೇ. ನನಗೆ ಐವತ್ತೆಂಟು, ಸ್ವಲ್ಪ ದಮ್ಮು.

ಆ ಸಂದಿಯಲ್ಲಿ ನಲವತ್ತು ನಾಲಿಗೆ ಒಟ್ಟಿಗೆ ಗಿಲಕಿಯಾದವು.
ಕಿಟಕಿಯ ಗಾಜು ನಡುಗಿತು. ಹೊರಗೆ ಮರದಲ್ಲಿದ್ದ ಕೊಕ್ಕರೆಗಳು ಎದ್ದವು.
"ಆದರೆ," ಅಂದೆ ನಾನು.
"ಆದರೆ ಮೇಲ್ಮನವಿಗೆ ಅವಕಾಶವಾಗಲೆಂದು
ಈ ಆದೇಶವನ್ನು ತೊಂಬತ್ತು ದಿನ ತಡೆಹಿಡಿಯಲಾಗಿದೆ."
ಹೇಳಿದ್ದು ದಾಖಲೆಯಲ್ಲಿದೆ. ಕೇಳಿದವರು ಯಾರೂ ಇಲ್ಲ.
ಜಸ್ಟಿಸ್ ಚೆಬೆತ್ ಕನ್ನಡಕದ ಮೇಲಿಂದ ನನ್ನನ್ನು ನೋಡಿ,
ಏನೋ ಹೇಳಹೊರಟು, ಎದ್ದು ಒಳಗೆ ಹೋದರು.

ಸಂಜೆಯೊಳಗೆ ದಡದಲ್ಲಿ ಕಂಬ ನೆಟ್ಟಾಗಿತ್ತು.
ರೇಡಿಯೋದಲ್ಲಿ ನನ್ನ ಅರ್ಧ ವಾಕ್ಯ.
ಮಟಾಟು ವ್ಯಾನಿನ ಹಿಂಗಾಜಿನ ಮೇಲೆ, ಒಂದು ಅಕ್ಷರ ತಪ್ಪಾಗಿ, ನನ್ನ ಅರ್ಧ ವಾಕ್ಯ.
ಗವರ್ನರಾಗಲು ಹೊರಟವನು ಅದನ್ನೇ ಅಂಗಿಗೆ ಅಚ್ಚುಹಾಕಿಸಿ ಹಂಚಿದ.
ಆಗಲೇ ಗವರ್ನರಾಗಿದ್ದವನು
ಜಡ್ಜರಿಗೆ ದುಡ್ಡು ಸಂದಿದೆ ಎಂದು ಮೈಕಿನಲ್ಲಿ ಕೂಗಿ,
ಮಾರನೆಯ ದಿನ ತಾನೂ ದಡಕ್ಕೆ ಬಂದು
ಒಂದು ಅಟ್ಟಣಿಗೆಗೆ ಮೊಳೆ ಹೊಡೆಯುವ ಫೋಟೋ ತೆಗೆಸಿಕೊಂಡ.
ಪೊಲೀಸರ ಕೈಯಲ್ಲಿ ತಡೆಯ ಪ್ರತಿ ಇತ್ತು.
ಚುನಾವಣೆಗೆ ಎಪ್ಪತ್ತು ದಿನ.
ಪ್ರತಿ ಅವರ ಜೇಬಿನಲ್ಲೇ ಬೆವರಿತು.

ರಾತ್ರಿ ಹೆಂಡತಿ ಕೇಳಿದಳು: ಬೇಕಂತಲೇ ನಿಲ್ಲಿಸಿದೆಯಾ?
ಪ್ರಮಾಣ ಮಾಡಿ ಹೇಳಬಲ್ಲೆ, ಇಲ್ಲ.
ಪ್ರಮಾಣ ಮಾಡಿ ಹೇಳಬಲ್ಲೆ ಎಂದು
ಎಷ್ಟು ಕಳ್ಳರ ಪರವಾಗಿ ನನ್ನ ಬಾಯಿಂದಲೇ ಹೇಳಿದ್ದೇನೆ.

ಆದರೆ ಎಂಬುದು ವಿಚಿತ್ರ ಪದ.
ಕೊಟ್ಟದ್ದನ್ನು ಕಿತ್ತುಕೊಳ್ಳುವಾಗಲೂ ಅದೇ,
ಆಗದ್ದು ಒಂದು ವೇಳೆ ಆದರೆ ಎಂದು ಕಾಯುವಾಗಲೂ ಅದೇ.
ನ್ಯಾಯಪೀಠ ಮೊದಲನೆಯದನ್ನು ಉಚ್ಚರಿಸಿತು.
ಹೆಂಗಸರು ಎರಡನೆಯದಕ್ಕೆ ಗೂಟ ಹೊಡೆದರು.

ತೊಂಬತ್ತು ದಿನ ಕಳೆಯುವ ಮುನ್ನಾದಿನ ಮೇಲಿನ ಕೋರ್ಟು ಕೂತಿತು.
ಮೂವರು. ಅವರು ಬರೆದರು:
"ದಡದಲ್ಲಿ ಈಗಾಗಲೇ ಇನ್ನೂರ ಹದಿನಾರು ಅಟ್ಟಣಿಗೆಗಳಿರುವುದನ್ನು ಗಮನಿಸಿ..."
ಗಮನಿಸಿ.
ಎಂಬತ್ತಾರು ಪುಟದಲ್ಲಿ ಎಲ್ಲೂ ಇರದ ಬಲ
ಉಗುರಿಗಂಟಿದ ಮೀನಿನ ಹುರುಪೆಯ ಹಾಗೆ
ಆ ಒಂದು ಪದಕ್ಕೆ ಅಂಟಿಕೊಂಡು ಬಂದಿತ್ತು.

ನಿನ್ನೆ ಸಂತೆಯಲ್ಲಿ ರಿಸ್ಪರ್ ಸಿಕ್ಕಳು.
ತಕ್ಕಡಿ ಹಿಡಿದಿದ್ದಳು. ಹೇಳಿಬಿಡೋಣ ಅನಿಸಿತು:
ತಾಯಿ, ಅವತ್ತು ಆ ವಾಕ್ಯ ಮುಗಿದಿರಲಿಲ್ಲ.

"ನಾನೇನು ಕಿವುಡಿಯಾ?" ಅಂದಳು.
"ತೊಂಬತ್ತು ಅಂದದ್ದು ಕೇಳಿಸಿತ್ತು.
ಅದಕ್ಕೇ ಇನ್ನಷ್ಟು ಜೋರಾಗಿ ಕೂಗಿದೆ."

ಎರಡು ಡಬ್ಬಿ ಒಮೆನಾ ಅಳೆದು ಹಾಕಿದಳು.
ಬೆಲೆ ಹೇಳಿದಳು.
ಒಂದು ಶಿಲ್ಲಿಂಗೂ ಬಿಡಲಿಲ್ಲ.